ಬ್ಯಾಟರಿಯ ಮೇಲೆ ಕುಳಿತು ಬೀದರಿಗೆ

ಸಂತಪುರದಿಂದ ಬೀದರಿಗೆ ಬರುವ ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಕುಳಿತಿದ್ದ ಸಂಶೋಧಕಿ ಹುಡುಗಿಯ ತೊಡೆಯ ಮೇಲೆ, ಎರಡು ಉಕ್ಕಿನ ಫಲಕಗಳ ನಡುವೆ, ಲಿಥಿಯಂ ಬ್ಯಾಟರಿಯೊಂದು ಪವರ್ ಬ್ಯಾಂಕಿನಿಂದ ಚಾರ್ಜ್ ಆಗುತ್ತಿತ್ತು. ಫಲಕಗಳನ್ನು ಬಿಗಿದಿದ್ದ ಕ್ಲಾಂಪ್ ಥಟ್ಟನೆ ಮುರಿಯಿತು.

“ಒತ್ತಿ ಹಿಡೀಲಿಲ್ಲಂದ್ರ ಒಳಗ ಲಿಥಿಯಂ ಮುಳ್ಳಿನಂಗ ಬೆಳೀತದರಿ, ನನ್ನ ವರ್ಷದ ಕೆಲಸ ಹಾಳಾಗ್ತದ. ಮೇಡಂ, ಇದರ ಮ್ಯಾಲ ಕೂಡ್ರಿ!”

“ನೀನೇ ಕುಳಿತುಕೋ.”

“ನನ್ನ ಭಾರ ಸಾಲಂಗಿಲ್ರಿ.”

ಆಸ್ಪತ್ರೆಯ ಮೇಟ್ರನ್ ನಾನು. ಇಂಥ ಮಾತು ಕೇಳಿ ಅಭ್ಯಾಸವಿಲ್ಲ. ಆದರೂ ಅವಳ ಕಣ್ಣೀರು ಕಂಡು, ಸೀರೆ ಸರಿಪಡಿಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ಅದರ ಮೇಲೆ ಕುಳಿತೆ.

ಮುಂದಿನ ನಿಲ್ದಾಣದಲ್ಲಿ ಒಬ್ಬ ಅಜ್ಜಿ ಹತ್ತಿದರು.

“ಅಕ್ಕೋರೆ, ಅಜ್ಜಿಗಿ ಜಾಗಾ ಬಿಡ್ರಿ,” ಎಂದ ಕಂಡಕ್ಟರ್.

“ಏಳುವಂತಿಲ್ಲ. ಬ್ಯಾಟರಿ ಕೆಡುತ್ತದೆ,” ಎಂದೆ.

ಅಜ್ಜಿ ನನ್ನನ್ನು ಮರುಕದಿಂದ ನೋಡಿದರು. “ಎದಿಯಾಗ ಬ್ಯಾಟರಿ ಹಾಕ್ಯಾರೇನವ್ವ? ಕೂಡು, ಕೂಡು. ಪೂರಾ ಚಾರ್ಜ್ ಆದ ಮ್ಯಾಲೇ ಏಳು.”

ಹುಡುಗಿಯ ಬ್ಯಾಟರಿ ಉಳಿಯಿತು. ಅಜ್ಜಿಯನ್ನು ನಾನು ತಿದ್ದಲಿಲ್ಲ. ನಿಜ ಸಂಗತಿ ಅದಕ್ಕಿಂತ ಮರ್ಯಾದೆಗೇಡಾಗಿತ್ತು.