ಎಲ್ಲವೂ ಓಡುವ ಪ್ಲೇಯರ್

ಕಳೆದ ವರ್ಷ, ಮಳೆ ಇಳಿಯುವ ಸೋಣ ತಿಂಗಳ ಆಶ್ಲೇಷಾ ನಕ್ಷತ್ರದ ದಿನ ಮಧ್ಯಾಹ್ನ, ಕೊಡಿಯಾಲ್‌ಬೈಲಿನ ಒಂದು ಫ್ಲ್ಯಾಟಿನ ಹಾಲ್‌ನಲ್ಲಿ ನನ್ನ ತಮ್ಮ ನಾಗನ ಮಂಡಲ ಬರೆಯಲು ಕೂತಿದ್ದಾಗ, ಎದುರಿನ ಟಿವಿಯಲ್ಲಿ ಧ್ವನಿ ಬಂತು, ಚಿತ್ರ ಬರಲಿಲ್ಲ.

ಧ್ವನಿ ನಮ್ಮ ತಂದೆಯದು. ಆ ಮನೆಯಲ್ಲಿ ನಾಗನಿಗೆ ಸಲ್ಲುವ ಆಶ್ಲೇಷಾ ಬಲಿಯನ್ನು ಬದುಕಿದ್ದಷ್ಟು ಕಾಲ ಅವರೇ ಮಾಡಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಬ್ಯಾಂಕ್ ಉದ್ಯೋಗಿಯಾದ ತಮ್ಮನ ಸರದಿ ಬಂತು. ಮಂತ್ರ ಅವನಿಗೆ ಬರುತ್ತದೆ. ಮಂಡಲ ಬರುವುದಿಲ್ಲ. ಒಂದಕ್ಕೊಂದು ಹೆಣೆದ ಹಾವುಗಳಲ್ಲಿ ಯಾವುದು ಯಾವುದರ ಮೇಲೆ ಹಾಯಬೇಕು, ಯಾವ ಪುಡಿ ಮೊದಲು ಬೀಳಬೇಕು ಎಂಬುದು ತಂದೆಯ ಕೈಗೆ ಗೊತ್ತಿತ್ತು, ಕಾಗದಕ್ಕೆ ಇಳಿದಿರಲಿಲ್ಲ. ಮಂಡಲ ತಪ್ಪಿದರೆ ಆ ಮನೆಯ ಯಜಮಾನರು ಮುಂದಿನ ವರ್ಷ ಬೇರೆ ಭಟ್ಟರನ್ನು ಕರೆಯುತ್ತಾರೆ. ಇದು ತಮ್ಮನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಉಳಿದದ್ದು ಒಂದು ವಿಡಿಯೋ. ತಂದೆ ಕೊನೆಯ ಸಲ ಮಂಡಲ ಬರೆದಾಗ, ಸುರತ್ಕಲ್‌ನಲ್ಲಿ ಎಂಜಿನಿಯರ್ ಆಗಿರುವ ನಮ್ಮ ಭಾವ ತಮ್ಮ ದುಬಾರಿ ಫೋನಿನಲ್ಲಿ ತೆಗೆದದ್ದು. ಆ ಫೋನನ್ನು ಆಮೇಲೆ ಎಕ್ಸ್‌ಚೇಂಜಿಗೆ ಕೊಟ್ಟು ಇನ್ನೂ ದುಬಾರಿಯದನ್ನು ತಂದರು. ವಿಡಿಯೋ ಒಂದು ಪೆನ್‌ಡ್ರೈವಿನಲ್ಲಿ ಉಳಿಯಿತು.

ಮಡಿಯಲ್ಲಿ ಕೂತವನು ಫೋನ್, ಲ್ಯಾಪ್‌ಟಾಪ್ ಮುಟ್ಟುವಂತಿಲ್ಲ. ದೂರದ ಟಿವಿಯನ್ನು ನೋಡಲು ಅಡ್ಡಿಯಿಲ್ಲ. ಈ ತೀರ್ಪು ಕೊಟ್ಟವರೂ ಭಾವನೇ. ರಿಮೋಟ್ ತಾನು ಹಿಡಿಯುತ್ತೇನೆ ಎಂದರು. ನನ್ನ ಲ್ಯಾಪ್‌ಟಾಪಿನಲ್ಲಿ ಆ ವಿಡಿಯೋ ಸರಿಯಾಗಿ ಓಡುತ್ತಿತ್ತು. ಅದನ್ನೇ ತಂದು ಒಂದು ಸ್ಟೂಲಿನ ಮೇಲೆ ಇಡೋಣ ಎಂದೆ. ಹೋಟೆಲು ನಡೆಸುವ ಯಜಮಾನರ ಮನೆಗೆ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗುವುದು ಮರ್ಯಾದೆಯಲ್ಲ ಎಂದರು ಭಾವ.

ಯಜಮಾನರಿಗೆ ತಮ್ಮ ಪ್ಲೇಯರಿನ ಮೇಲೆ ನಾಗನ ಮೇಲಿದ್ದಷ್ಟೇ ಭಕ್ತಿ. ಡಿಸ್ಕ್ ಹಾಕಬಹುದು, ಪೆನ್‌ಡ್ರೈವ್ ಚುಚ್ಚಬಹುದು, ಸ್ಪೀಕರುಗಳು ನಾಲ್ಕು ಮೂಲೆಯಲ್ಲೂ ಉಂಟು. ಎಲ್ಲ ಫಾರ್ಮ್ಯಾಟೂ ಓಡುತ್ತದೆ ಎಂಬ ಸ್ಟಿಕ್ಕರನ್ನು ಅವರು ಇನ್ನೂ ಕಿತ್ತಿರಲಿಲ್ಲ. ಬಂದವರು ಓದಲಿ ಎಂದು.

ಪೆನ್‌ಡ್ರೈವ್ ಚುಚ್ಚಿದಾಗ ಪರದೆಯ ಮೇಲೆ ಫೈಲೇ ಕಾಣಿಸಲಿಲ್ಲ.

"ಹಾಗಾಗ್ಲಿಕ್ಕೆ ಇಲ್ಲ ಭಟ್ರೆ. ನಮ್ಮದರಲ್ಲಿ ಎಲ್ಲ ಓಡ್ತದೆ" ಎಂದರು ಯಜಮಾನರು. ಪೆನ್‌ಡ್ರೈವಿಗೆ ದೋಷ ಇರಬಹುದು ಎಂದೂ ಸೇರಿಸಿದರು. ಅವರ ಹೆಂಡತಿ ಅದಕ್ಕೆ ತೀರ್ಥ ಪ್ರೋಕ್ಷಿಸಬಹುದೇ ಎಂದು ಕೇಳಿದರು. ಭಾವ ಬೇಡ ಎಂದರು. ಆ ದಿನ ಅವರು ಆಡಿದ ಸರಿಯಾದ ಮಾತು ಅದೊಂದೇ.

ಆಮೇಲೆ ಭಾವ ಪೆನ್‌ಡ್ರೈವನ್ನು ಯಜಮಾನರ ಆಫೀಸು ಕೋಣೆಯ ಕಂಪ್ಯೂಟರಿಗೆ ಒಯ್ದರು. ಹೋದಷ್ಟೇ ಬೇಗ ಬಂದರು. "ಕನ್ವರ್ಟ್ ಮಾಡಿದೆ" ಎಂದರು. ಮಾಡಿದ್ದಿಷ್ಟು: ಫೈಲಿನ ಹೆಸರಿನ ಕೊನೆಯಲ್ಲಿದ್ದ ಮೂರು ಅಕ್ಷರ ಅಳಿಸಿ, ಪ್ಲೇಯರ್ ಒಪ್ಪುವ ಬೇರೆ ಮೂರನ್ನು ಬರೆದಿದ್ದರು. ಎಂಜಿನಿಯರಿಂಗ್ ಓದಿ, ಎರಡು ದಶಕ ಸಂಬಳ ಪಡೆದ ಮನುಷ್ಯ. ಆ ಕಂಪ್ಯೂಟರಿನಲ್ಲೇ ನೋಡಬಹುದಿತ್ತಲ್ಲ ಎಂದರೆ, ಅದು ಮೇಜಿನ ಕೆಳಗೆ ಬೇರು ಬಿಟ್ಟಂತಹ ಯಂತ್ರ, ಹಾಲ್‌ಗೆ ಬರುವಂಥದ್ದಲ್ಲ.

ಈ ಸಲ ಫೈಲು ಕಾಣಿಸಿತು. ಪ್ಲೇಯರ್ ಮೋಸಹೋಗಿ ತೆರೆಯಿತು. ಧ್ವನಿ ಹಳೆಯ ಬಗೆಯದು, ಅದಕ್ಕೆ ಅರ್ಥವಾಯಿತು. ಚಿತ್ರವನ್ನು ಫೋನು ಮಡಚಿಟ್ಟ ಹೊಸ ಬಗೆ ಅದಕ್ಕೆ ಅರ್ಥವಾಗಲಿಲ್ಲ. ಪರದೆ ಕಪ್ಪಾಗಿಯೇ ಉಳಿಯಿತು. ನಾಲ್ಕು ಮೂಲೆಯಿಂದಲೂ ತಂದೆ ಕೆಮ್ಮಿದರು.

ಭಾವ ಟಿವಿಯ ಕೇಬಲನ್ನು ಅಲ್ಲಾಡಿಸಿದರು. ಯಜಮಾನರು ಕೇಬಲ್ ಹೊಸತು ಎಂದರು. ಇಬ್ಬರೂ ರಿಮೋಟಿಗೆ ಕೈಚಾಚಿದರು.

ಅಷ್ಟರಲ್ಲಿ ತಂದೆ ಮಾತಾಡಿದರು. ವಿಡಿಯೋ ತೆಗೆದ ದಿನ ಪುಡಿ ಎತ್ತಿಕೊಡಲು ಕೂತಿದ್ದ ಅಡುಗೆಯವನನ್ನು ಅವರು ಉದ್ದಕ್ಕೂ ಬೈದಿದ್ದರು. ಲ್ಯಾಪ್‌ಟಾಪಿನಲ್ಲಿ ನೋಡುವಾಗ ಆ ಬೈಗುಳವನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

"ಹಳದಿ ಎಂತಕ್ಕೆ ಈಗ? ಬಿಳಿ ಕೊಡು ಮಾರಾಯ. ಎಡದ ಬಾಲ ಅಡಿಯಿಂದ ಹೋಗ್ಬೇಕು, ಮೇಲೆ ಅಲ್ಲ."

ತಮ್ಮ ಬಿಳಿ ಪುಡಿ ತೆಗೆದುಕೊಂಡ. "ಭಾವ, ಇನ್ನು ಅದನ್ನು ಮುಟ್ಟಬೇಡಿ" ಎಂದ.

ತಂದೆ ಬೈದಾಗ ಬರೆದ, ಸುಮ್ಮನಾದಾಗ ಕಾದ. ಬರೆಯುವವನು ಪರದೆಯನ್ನು ಬಿಟ್ಟ ಮೇಲೂ ಭಾವ ಮತ್ತು ಯಜಮಾನರು ಕಪ್ಪು ಪರದೆಯನ್ನೇ ನೋಡುತ್ತ ಸೋಫಾದಲ್ಲಿ ಕೂತಿದ್ದರು. ಬಲಗಡೆಯ ಒಂದು ಹೆಡೆ ತುಸು ವಾಲಿತು. ಸಂಜೆ ಪೂಜೆಗೆ ಬಂದವರಲ್ಲಿ ಯಾರೂ ಅದನ್ನು ಹೇಳಲಿಲ್ಲ. ಯಜಮಾನರು ಬಂದವರಿಗೆ ಮಂಡಲ ತೋರಿಸಿ, ಇದು ನಮ್ಮ ಪ್ಲೇಯರಿನಿಂದ ಆದದ್ದು ಎಂದರು. ಭಾವ ಅದನ್ನು ತಿದ್ದಿ, ಕನ್ವರ್ಟ್ ಮಾಡಿದ್ದು ತಾನು ಎಂದರು.

ಕಳೆದ ವಾರ ಯಜಮಾನರು ತಮ್ಮನಿಗೆ ಫೋನ್ ಮಾಡಿದರು. ಈ ವರ್ಷದ ಬಲಿಗೂ ಅವನೇ ಬರಬೇಕಂತೆ. ಪೆನ್‌ಡ್ರೈವ್ ಮರೆಯದೆ ತರಲು ಹೇಳಿದರು. ಪ್ಲೇಯರ್ ಬದಲಿಸಿಲ್ಲ, ಸ್ಪೀಕರ್ ಇನ್ನೆರಡು ಹಾಕಿಸಿದ್ದಾರೆ.