ವೇಲ್ಸಿನ ಮುತ್ತಜ್ಜ ಆಡಿದ ನಾಲ್ಕು ಪಂದ್ಯಗಳು

ಅಬುಧಾಬಿಯಲ್ಲಿ ಆ ದಿನಗಳಲ್ಲಿ ಚಳಿಗಾಲವೆಂದರೆ ನಮಗೆ ಎ.ಸಿ. ಆರಿಸಿ ಕಿಟಕಿ ತೆರೆಯುವ ಕಾಲ. ನನಗಾಗ ಹನ್ನೆರಡು. ಅಪ್ಪ ಮುಸಫ್ಫಾ ಕೈಗಾರಿಕಾ ಪ್ರದೇಶದ ವರ್ಕ್‌ಶಾಪೊಂದರಲ್ಲಿ ಎಂಜಿನಿಯರ್. ಹುಬ್ಬಳ್ಳಿಯಿಂದ ಬಂದ ಅವ್ವ ಇನ್ನೂ ಇಂಗ್ಲಿಷಿಗೆ ಒಗ್ಗಿರಲಿಲ್ಲ. ಆ ವರ್ಷ ನಮ್ಮ ಶಾಲೆಗೆ ವೇಲ್ಸ್ ದೇಶದ ಮಿಸ್ ಕೆರಿಸ್ ಆಟದ ಟೀಚರಾಗಿ ಬಂದು, ಹುಡುಗಿಯರಿಗೂ ರಗ್ಬಿ ಕಲಿಸತೊಡಗಿದರು. ನೀರು ಹಾಯಿಸಿದ ಹುಲ್ಲಿನ ವಾಸನೆ, ತರಚಿದ ಮೊಣಕಾಲು, ಮೊಟ್ಟೆಯಂಥ ಆ ಚೆಂಡು. ನನಗೆ ಹುಚ್ಚೇ ಹಿಡಿಯಿತು. ತಂಡಕ್ಕೂ ಆಯ್ಕೆಯಾದೆ. ಆದರೆ ಒಪ್ಪಿಗೆಯ ಚೀಟಿಗೆ ಅವ್ವ ಸಹಿ ಹಾಕಲಿಲ್ಲ.

"ಕೈಕಾಲು ಮುರಕೊಂಡ್ರ ಯಾರು ನೋಡವ್ರು? ಬ್ಯಾಡಂದ್ರ ಬ್ಯಾಡ."

ಒಂದು ಶನಿವಾರ ಮಿಸ್ ಕೆರಿಸ್ ಮನೆಗೇ ಬಂದರು. ಅಪ್ಪ ಡ್ಯೂಟಿಗೆ ಹೋಗಿದ್ದರು. ಇಬ್ಬರ ನಡುವೆ ಮಾತು ದಾಟಿಸುವವಳು ನಾನೇ. ಅವ್ವ ಗಿರಮಿಟ್ಟು, ಚಹಾ ತಂದಿಟ್ಟಳು. ಮೆಣಸಿನಕಾಯಿಯ ಖಾರಕ್ಕೆ ಮೂಗೊರೆಸಿಕೊಳ್ಳುತ್ತಲೇ ಮಿಸ್ ತಮ್ಮ ಮುತ್ತಜ್ಜನ ಕತೆ ಹೇಳಿದರು.

ಅವನು ಕಲ್ಲಿದ್ದಲ ಗಣಿಯ ಕಾರ್ಮಿಕ. ವೇಲ್ಸ್ ತನ್ನದೇ ತಂಡ ಕಟ್ಟಿಕೊಂಡ ಮೊದಮೊದಲ ವರ್ಷಗಳಲ್ಲಿ ಆಡಿದವನು. ವಾರವಿಡೀ ನೆಲದಡಿ, ಶನಿವಾರ ಮೈದಾನದಲ್ಲಿ. ದೇಶಕ್ಕಾಗಿ ಆಡಿದ್ದು ನಾಲ್ಕೇ ಪಂದ್ಯ. ಮೊದಲನೆಯದರಲ್ಲಿ ಚೆಂಡು ಕೈಜಾರಿ, ಸೋತು, ತಲೆತಗ್ಗಿಸಿ ಊರಿಗೆ ಬಂದ. ಎರಡನೆಯದರಲ್ಲಿ ಅಂಚಿನ ಗೆರೆಗುಂಟ ಓಡಿ ಗೆಲ್ಲಿಸಿದ. ಗಣಿಯವರು ಹೆಗಲ ಮೇಲೆ ಹೊತ್ತು ಮೆರೆಸಿದರು. ಮೂರನೆಯದು ಸಮ. ನಾಲ್ಕನೆಯದರಲ್ಲಿ ಹೆಗಲೆಲುಬು ಮುರಿಯಿತು. ಬದಲಿ ಆಟಗಾರರಿಲ್ಲದ ಕಾಲ. ಒಂದೇ ಕೈಯಲ್ಲಿ ಕೊನೆತನಕ ಆಡಿದ. ಮತ್ತೆಂದೂ ದೇಶದ ತಂಡದಿಂದ ಕರೆ ಬರಲಿಲ್ಲ.

ಎಲುಬಿನ ಮಾತನ್ನು ನಾನು ನುಂಗಿಬಿಟ್ಟೆ. "ನಾಲ್ಕ ಮ್ಯಾಚ್ ಆಡಿ ಬಿಟ್ರಂತವ್ವ," ಎಂದೆ.

ಮಿಸ್ ಹೆಗಲು ಮುಟ್ಟಿಕೊಂಡು ಮುಖ ಕಿವಿಚಿದ್ದನ್ನು ಅವ್ವ ನೋಡಿದ್ದಳು. "ಎಲುಬು ಮುರದದ್ದು ಯಾಕ ಮುಚ್ಚಿಡ್ತಿ? ಖರೇ ಹೇಳು."

ನಾಚಿಕೆಯಿಂದ ಎಲ್ಲವನ್ನೂ ಹೇಳಿದೆ. ಇನ್ನು ಸಹಿಯ ಆಸೆ ಮುಗಿಯಿತು ಅಂದುಕೊಂಡೆ. ಅವ್ವ ಮಿಸ್ ಅವರ ಕಪ್ಪಿಗೆ ಮತ್ತಷ್ಟು ಚಹಾ ಸುರಿದು, "ಅವರವ್ವ ಏನಂದ್ಲಂತ, ಕೇಳು" ಎಂದಳು.

ಮಿಸ್ ನಕ್ಕರು. ಮುತ್ತಜ್ಜನ ತಾಯಿ ದಿನಾ ಬೈಯುತ್ತಲೇ ವಾರಗಟ್ಟಲೆ ಕೈತುತ್ತು ಉಣಿಸಿದಳಂತೆ. ಎಲುಬು ಕೂಡಿದ ಮೇಲೆ ಅವನ ಆಟದ ಬೂಟಿಗೆ ಎಣ್ಣೆ ತಿಕ್ಕಿ ಬಾಗಿಲ ಬಳಿ ಇಟ್ಟವಳೂ ಅವಳೇ. ಆಮೇಲೂ ಅವನು ಹತ್ತಾರು ವರ್ಷ ಊರ ತಂಡಕ್ಕೆ ಆಡಿದ, ಗಣಿಯವರ ಮಕ್ಕಳಿಗೆ ಆಟ ಕಲಿಸಿದ.

ಅವ್ವ ಪೆನ್ನು ಕೇಳಿದಳು. "ಆದ್ರ ಮ್ಯಾಚಿಗೆ ನಾನೂ ಬರತೇನಿ. ಪೆಟ್ಟಾದ್ರ ಮುಚ್ಚಿಡಂಗಿಲ್ಲ."

ದುಬೈ ಶಾಲೆಯೊಂದರ ಎದುರು ನಾವು ಸೋತೆವು. ನನ್ನ ತುಟಿ ಒಡೆಯಿತು. ಆದರೂ ಒಮ್ಮೆ ಚೆಂಡು ಹಿಡಿದು ಓಡಿ, ಎದುರಾಳಿಗಳ ಗೆರೆ ಮುಟ್ಟಿಸಿ ಅಂಕ ಗಳಿಸಿದೆ. ಸೀರೆಯ ನೆರಿಗೆ ಎತ್ತಿ ಹಿಡಿದು ಅವ್ವ ಮೈದಾನದ ಅಂಚಿನಲ್ಲಿ ನನಗಿಂತ ಒಂದು ಹೆಜ್ಜೆ ಮುಂದೆಯೇ ಓಡುತ್ತ ಕೂಗುತ್ತಿದ್ದಳು: "ಓಡು, ಓಡು! ಯಲ್ಲಾ, ಯಲ್ಲಾ!" 'ನಡಿ, ಬೇಗ' ಎನ್ನುವ ಅರಬರ ಆ ಮಾತನ್ನು ಅವಳು ಯಾವಾಗ ಕಲಿತಿದ್ದಳೋ!

ಎರಡು ವರ್ಷಕ್ಕೆ ಮಿಸ್ ಕೆರಿಸ್ ತಮ್ಮೂರಿಗೆ ಮರಳಿದರು. ತಂದೆಯರ ವೀಸಾ ಮುಗಿದಂತೆ ತಂಡದ ಹುಡುಗಿಯರು ದೇಶಕ್ಕೊಬ್ಬರಾದರು. ಆ ಮೈದಾನದಲ್ಲಿ ಈಗ ಕಾರುಗಳು ನಿಲ್ಲುತ್ತವೆ. ಮೆಟ್ಟಿಲು ಹತ್ತಲು ಅವ್ವನಿಗೆ ಇಂದು ನನ್ನ ತೋಳು ಬೇಕು. ಆ ಒಂದು ದಿನ ಮಾತ್ರ ಅವಳು ನನಗಿಂತ ಜೋರಾಗಿ ಓಡಿದ್ದಳು.