ತಟ್ಟೆ ಮರೆಯಾಗುವ ಆಳ

ಅವರ ನಿಜವಾದ ಹೆಸರು ಹೆಂಡತಿಗೂ ಅಂಚೆಯವನಿಗೂ ಬಿಟ್ಟರೆ ಆ ಬೀದಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಅವರು ಮಹಾಪ್ರಾಣದವರು. ಮೂವತ್ತೆಂಟು ವರ್ಷ ಒಂದೇ ಛಾಪಖಾನೆಯಲ್ಲಿ ಕರಡು ತಿದ್ದಿದ ಮನುಷ್ಯ. ಅಕ್ಷರದ ಹೊಟ್ಟೆಯ ಕೆಳಗಿನ ಆ ಚಿಕ್ಕ ಸೀಳು ಬಿಟ್ಟುಹೋಗಿ ‘ಧನ’ ಎನ್ನುವುದು ‘ದನ’ ಆಗಿದ್ದರೆ ಬಾಗಿಲಲ್ಲಿ ನಿಂತೇ ಹಿಡಿಯುತ್ತಿದ್ದರು. ಮದುವೆಯ ಕರೆಯೋಲೆ ಕೈಗೆ ಕೊಟ್ಟರೆ ಮೊದಲು ತಪ್ಪು ಹುಡುಕಿ, ಮದುವೆ ಯಾರದು ಎಂದು ಆಮೇಲೆ ಕೇಳುವ ಪೈಕಿ.

ಅಂಥವರು ಕೆಲಸ ಬಿಟ್ಟ ಮೇಲೆ ಏನು ಮಾಡಬೇಕು ಹೇಳಿ? ಆರು ತಿಂಗಳು ಮನೆಯಲ್ಲಿ ಕೂತು ಮಾತ್ರೆ ಡಬ್ಬಿ, ಸೋಪಿನ ಹೊದಿಕೆ, ಕರೆಂಟ್ ಬಿಲ್ಲು ಎಲ್ಲವನ್ನೂ ತಿದ್ದಿದರು. “ರೀ, ಆ ಸೋಪು ತನ್ನ ಪಾಡಿಗೆ ತಾನು ಕರಗ್ಲಿ ಬಿಡಿ” ಎಂದು ಹೆಂಡತಿ ಹಣೆ ಚಚ್ಚಿಕೊಂಡಳು. ಹೊಳೆಯ ನೀರು ಹೇಗಿದೆ ಎಂದು ವಾರವಾರ ನೋಡಲು ಜನ ಬೇಕು, ಸಂಬಳ ಗಿಂಬಳ ಇಲ್ಲ ಎಂದು ವಿಜ್ಞಾನದ ಟೀಚರ್ ಮನೆಮನೆಗೆ ಬಂದಾಗ, ಆಕೆ ಗಂಡನ ಚಪ್ಪಲಿಯನ್ನು ತಾನೇ ಬಾಗಿಲಿಗೆ ತಂದಿಟ್ಟು, “ಇವರನ್ನ ಕರ್ಕೊಂಡು ಹೋಗಮ್ಮ” ಎಂದುಬಿಟ್ಟಳು.

ಬೇರೆಯವರಿಗೆ ಟೀಚರ್ ಬಾಟಲಿ ಕೊಟ್ಟರು, ಬಣ್ಣ ಬದಲಾಗುವ ಕಾಗದ ಕೊಟ್ಟರು. ಇವರ ಪಾಲಿಗೆ ಬಂದದ್ದು ಒಂದು ತಟ್ಟೆ. ಊಟದ ತಟ್ಟೆಯಷ್ಟು ಅಗಲ, ನಾಲ್ಕು ಭಾಗ ಮಾಡಿ ಒಂದು ಬಿಟ್ಟು ಒಂದಕ್ಕೆ ಕಪ್ಪು ಬಿಳಿ ಬಣ್ಣ, ಅಡಿಯಲ್ಲಿ ಭಾರ, ನಡುವೆ ಹಗ್ಗ, ಹಗ್ಗಕ್ಕೆ ನಾಲ್ಕು ಬೆರಳಿಗೊಂದರಂತೆ ಗಂಟು. ಕಾಲುಸೇತುವೆಯ ಮೇಲೆ ನಿಂತು ಅದನ್ನು ನೀರಿಗೆ ಇಳಿಸುತ್ತಾ ಹೋಗಬೇಕು. ತಟ್ಟೆ ನೀರು ಮುಟ್ಟಿದ ಮೇಲೆ ಎಷ್ಟನೇ ಗಂಟಿಗೆ ಅದು ಕಣ್ಣಿಗೆ ಮರೆಯಾಯಿತು ಎಂದು ಬರೆದುಕೊಳ್ಳಬೇಕು. ನೀರು ತಿಳಿಯಾಗಿದ್ದಷ್ಟೂ ಗಂಟು ಜಾಸ್ತಿ. ಅಷ್ಟೇ ಕೆಲಸ.

ಅಷ್ಟೇ ಅನ್ನುವುದು ಸುಲಭ! ಶನಿವಾರ ಬೆಳಿಗ್ಗೆ ಬಿಸಿಲು ಇನ್ನೂ ಕಣ್ಣುಜ್ಜಿಕೊಳ್ಳುವ ಹೊತ್ತಿಗೆ ಅವರು ಸೇತುವೆಯ ಕಂಬಿಗೆ ಎದೆ ಆನಿಸಿ ನಿಲ್ಲುತ್ತಿದ್ದರು. ಹಗ್ಗ ಬೆರಳುಗಳ ನಡುವೆ ಗಂಟು ಗಂಟಾಗಿ ಜಾರುತ್ತಿತ್ತು. ಬಿಳಿ ಮೊದಲು ಹಳದಿಯಾಗಿ, ಆಮೇಲೆ ಹಸಿರಾಗಿ, ಕಪ್ಪು ಎಲ್ಲಿ ಮುಗಿಯಿತು ಬಿಳಿ ಎಲ್ಲಿ ಶುರುವಾಯಿತು ತಿಳಿಯದಂತಾಗಿ, ಇದೆಯೋ ಇಲ್ಲವೋ ಎನ್ನುವ ಒಂದು ಗಳಿಗೆ ಬರುತ್ತಿತ್ತು. ಆ ಗಳಿಗೆಯಲ್ಲಿ ಅವರು ಉಸಿರು ಬಿಡುತ್ತಿರಲಿಲ್ಲ. ಹುಟ್ಟಿದಾಗಿನಿಂದ ತಪ್ಪು ಸರಿ ಎಂದು ಗೆರೆ ಎಳೆದೇ ಬದುಕಿದವರಿಗೆ ಈ ಎರಡರ ನಡುವಿನ ಜಾಗ ಎಷ್ಟು ಹಿತವಾಗಿತ್ತೆಂದರೆ, ಸಂಖ್ಯೆ ಬರೆದುಕೊಂಡ ಮೇಲೂ ಅರ್ಧ ಗಂಟೆ ಅಲ್ಲೇ ನಿಂತಿರುತ್ತಿದ್ದರು. ಮಧ್ಯಾಹ್ನ ಮಲಗಿದರೆ ಕನಸಿನಲ್ಲೂ ಹೊಳೆಯೇ. ಉದ್ದುದ್ದ ಒದ್ದೆ ಹಾಳೆಗಳು ಸುರುಳಿ ಬಿಚ್ಚುತ್ತಾ ಹರಿದು ಬರುತ್ತಿದ್ದವು, ಇವರು ದಂಡೆಯಲ್ಲಿ ಕೂತು ಓದುತ್ತಿದ್ದರು, ಎಲ್ಲೂ ಒಂದೂ ತಪ್ಪಿರುತ್ತಿರಲಿಲ್ಲ.

ಮೊದಲ ವರ್ಷ ತಟ್ಟೆ ಇಪ್ಪತ್ತನೇ ಗಂಟಿನ ಆಸುಪಾಸಿನಲ್ಲಿ ಮರೆಯಾಗುತ್ತಿತ್ತು. ಎರಡನೇ ವರ್ಷದ ನಡುವೆ ಹದಿನೇಳಕ್ಕೆ ಇಳಿಯಿತು. ಆಮೇಲೆ ಹದಿನಾಲ್ಕು. ವರ್ಷ ಮುಗಿಯುವಷ್ಟರಲ್ಲಿ ಹನ್ನೊಂದು. ಹೊಳೆಯ ಮೇಲೆ ಯಾವಾಗಲೂ ತೆಳುವಾದ ಮಂಜು ಕೂತ ಹಾಗೆ, ದಂಡೆಯ ಮರಗಳು ನೀರಿಗೆ ಅರ್ಧ ಕರಗಿದ ಹಾಗೆ ಅವರಿಗೆ ಕಾಣುತ್ತಿತ್ತು. ನೋಡಲು ಚೆಂದವೇ. ಆದರೆ ಅವರು ಸಂಖ್ಯೆಯ ಕೆಳಗೆ ಎರಡೆರಡು ಗೆರೆ ಎಳೆಯುತ್ತಿದ್ದರು. ಯಾರೋ ಹೊಳೆ ಕೆಡಿಸುತ್ತಿದ್ದಾರೆ!

ಯಾರು ಎಂದು ಬಹಳ ಹುಡುಕಬೇಕಾಗಲಿಲ್ಲ. ಎಂಟು ತಿಂಗಳ ಹಿಂದೆ ಮೇಲಿನ ತಿರುವಿನಲ್ಲಿ ನೂಲಿಗೆ ಬಣ್ಣ ಹಾಕುವ ಒಂದು ಶೆಡ್ಡು ಎದ್ದಿತ್ತು. ಅದರ ಯಜಮಾನ ಬೇರೆ ಯಾರೂ ಅಲ್ಲ, ಸ್ವಂತ ಭಾಮೈದ. ಒಂದು ದಿನ ಮೊಣಕೈವರೆಗೆ ನೀಲಿ, ಇನ್ನೊಂದು ದಿನ ಕೆಂಪು, ಬಾಯಿ ತುಂಬ ನಗು.

“ಭಾವ, ಬಂದು ನೋಡಿ. ಮೂರು ತೊಟ್ಟಿ ಕಟ್ಸಿದ್ದೀನಿ. ಒಂದು ಹನಿ ಬಣ್ಣ ಹೊಳೆಗೆ ಹೋಗಿದ್ರೆ ಕೇಳಿ” ಎಂದು ಅವನು ಅಂಗಲಾಚಿದ. ಇವರು ಜಗ್ಗಲಿಲ್ಲ. ಟೀಚರ್ ಕೂಡ ತಲೆ ಕೆರೆದುಕೊಂಡರು. “ಸರ್, ಬಾಟಲಿಲಿ ಏನೂ ವ್ಯತ್ಯಾಸ ಕಾಣ್ತಿಲ್ವಲ್ಲ?”

“ಬಾಟಲಿಗೇನ್ರೀ ಗೊತ್ತು? ನಾನು ಕಣ್ಣಾರೆ ನೋಡ್ತಿದ್ದೀನಿ!”

ನೀರಿನ ಇಲಾಖೆಗೆ ಅವರು ಎರಡು ಪುಟದ ದೂರು ಟೈಪ್ ಮಾಡಿಸಿ ಕೊಟ್ಟರು, ಎರಡು ವರ್ಷದ ಗಂಟುಗಳ ಪಟ್ಟಿ ಲಗತ್ತಿಸಿದರು. ಉತ್ತರ ಬಂತು: ಬರುವ ಸೋಮವಾರದಿಂದ, ತನಿಖೆ ಮುಗಿಯುವವರೆಗೆ, ಶೆಡ್ಡಿಗೆ ಬೀಗ. ಒಂಬತ್ತು ಜನ ಅಲ್ಲಿ ದುಡಿದು ಉಣ್ಣುತ್ತಿದ್ದರು.

ಮನೆಯಲ್ಲಿ ಮೂರು ದಿನ ಪಾತ್ರೆಗಳು ಮಾತ್ರ ಮಾತಾಡಿದವು. ನಾಲ್ಕನೇ ದಿನ ಹೆಂಡತಿ ಬಾಯಿ ಬಿಟ್ಟಳು. “ಹೊಟ್ಟೆ ಮೇಲೆ ಹೊಡೆಯೋಕೆ ನನ್ನ ತಮ್ಮನೇ ಬೇಕಿತ್ತಾ ನಿಮಗೆ? ಅದೇನು ಹಾಳಾಗಿದೆಯೋ ಆ ಹೊಳೆ, ನಾನೂ ನೋಡೇಬಿಡ್ತೀನಿ, ನಡೀರಿ.”

ಅದು ಶನಿವಾರವೇ ಆಗಿತ್ತು. ಸೇತುವೆಯ ಮೇಲೆ ಇಬ್ಬರೂ ಕಂಬಿಗೆ ಒರಗಿ ನಿಂತರು. ಮುಖ ಊದಿಸಿಕೊಂಡೇ ಆಕೆ ಕೆಳಗೆ ಬಗ್ಗಿದಳು. ಇವರು ಹಗ್ಗ ಬಿಟ್ಟರು. ಏಳು, ಎಂಟು, ಒಂಬತ್ತು. ತಟ್ಟೆ ಹಸಿರಾಯಿತು, ಮಸುಕಾಯಿತು.

“ಹತ್ತು. ಹೋಯ್ತು ನೋಡು” ಎಂದರು.

“ಎಲ್ಲಿ ಹೋಯ್ತು? ಅಲ್ಲೇ ಇದೆಯಲ್ಲ.”

“ಎಲ್ಲೇ?”

“ಅಯ್ಯೋ, ಅಲ್ಲೇ ಕಣ್ರೀ, ಕಪ್ಪು ಬಿಳಿ ಬೇರೆಬೇರೆಯಾಗಿ ಕಾಣ್ತಿದೆ. ಪಕ್ಕದಲ್ಲಿ ಒಂದು ಮೀನೂ ಇದೆ.”

ಅವರು ಕಣ್ಣುಜ್ಜಿಕೊಂಡು ಮತ್ತೆ ಬಗ್ಗಿದರು. ಹಗ್ಗ ಬಿಡುತ್ತಾ ಹೋದರು. ಹದಿಮೂರು. “ಇದೆ.” ಹದಿನಾರು. “ಇದೆ ರೀ.” ಬೆರಳುಗಳು ಒಂದೊಂದು ಗಂಟನ್ನೂ ಮುಟ್ಟಿ ದಾಟಿಸುತ್ತಿದ್ದವು, ಅವರ ಕಣ್ಣೆದುರು ಮಾತ್ರ ಹಾಲು ಬೆರೆಸಿದಂಥ ಬೆಳಕು ನಿಧಾನಕ್ಕೆ ತೂಗುತ್ತಿತ್ತು. ಹೆಂಡತಿಯ ದನಿ ಎಲ್ಲೋ ನೀರಿನ ಒಳಗಿನಿಂದ ಬಂದ ಹಾಗಿತ್ತು. ಹತ್ತೊಂಬತ್ತು. ಇಪ್ಪತ್ತು.

“ಈಗ ಹೋಯ್ತು” ಎಂದಳು ಆಕೆ.

ಅವರಿಗೆ ಮೊದಲು ಆದದ್ದು ಸಂತೋಷ. ನಂಬಿ, ಸಂತೋಷವೇ. “ಹೊಳೆಗೆ ಏನೂ ಆಗಿಲ್ಲ ಕಣೇ” ಎಂದು ಆಕೆಯ ತೋಳು ಹಿಡಿದರು. ಆಮೇಲೆ ಒಂದೊಂದಾಗಿ ಎಲ್ಲವೂ ಬಂದು ಬಿತ್ತು. ಪೇಪರಿನವರು ಇತ್ತೀಚೆಗೆ ತೆಳು ಶಾಯಿ ಬಳಸುತ್ತಾರೆಂದು ತಾನು ಬೈದದ್ದು, ಕೋಣೆಯ ಬಲ್ಬನ್ನು ಎರಡು ಸಲ ಬದಲಾಯಿಸಿದ್ದು, ಅಂಗಲಾಚುತ್ತಿದ್ದ ಭಾಮೈದನ ಆ ಮುಖ. ನಾಚಿಕೆಯಿಂದ ಕಿವಿ ಸುಟ್ಟುಹೋಯಿತು. ಕಂಬಿ ಹಿಡಿದು ಅಲ್ಲೇ ಕುಸಿದು ಕೂತು ಅತ್ತುಬಿಟ್ಟರು.

ಹೆಂಡತಿ ಸೆರಗಿನಿಂದ ಅವರ ಮುಖ ಒರೆಸಿದಳು. ಕೋಪವೆಲ್ಲ ಎಲ್ಲಿ ಹೋಯಿತೋ. “ಇವತ್ತು ಇಪ್ಪತ್ತು ಅಂತ ಬರ್ಕೊಳ್ಳಿ. ಹೊಳೆ ಸರಿಹೋಯ್ತು ಅಂದ್ಕೋತಾರೆ. ಕಣ್ಣಿನ ವಿಷಯ ಯಾರಿಗೂ ಹೇಳೋದು ಬೇಡ, ಡಾಕ್ಟರಿಗೆ ತೋರ್ಸೋಣ. ಶನಿವಾರ ಶನಿವಾರ ನಾನೂ ಬರ್ತೀನಿ.”

ಆಸೆ ಆಯಿತು, ಆಗದೆ ಏನು? ತಟ್ಟೆಯೂ ಉಳಿಯುತ್ತಿತ್ತು, ಮಾನವೂ ಉಳಿಯುತ್ತಿತ್ತು. ಒದ್ದೆ ಹಗ್ಗವನ್ನು ಗಂಟು ಗಂಟಾಗಿ ಮೇಲೆಳೆದುಕೊಂಡರು. ಆಮೇಲೆ ತಲೆ ಅಲ್ಲಾಡಿಸಿದರು.

“ಇಷ್ಟು ದಿನ ಅವನು ಕೆಡಿಸಿದ್ದ, ಈಗ ಬಿಟ್ಟ ಅಂತ ಆಗುತ್ತೆ ಕಣೇ. ಅವನು ಕೆಡಿಸೇ ಇಲ್ವಲ್ಲ.”

ಟೀಚರಿಗೆ ಅಲ್ಲಿಂದಲೇ ಫೋನ್ ಮಾಡಿ ಎಲ್ಲ ಹೇಳಿದರು. ಟೀಚರ್ ಮೆಲ್ಲಗೆ, “ಬರವಣಿಗೆಲಿ ಕೊಡಿ ಸರ್, ಮಧ್ಯಾಹ್ನದ ಒಳಗೆ ನಾನೇ ಇಲಾಖೆಗೆ ಮುಟ್ಟಿಸ್ತೀನಿ. ಸೋಮವಾರದ್ದು ನಿಲ್ಲುತ್ತೆ. ಆದ್ರೆ ತಟ್ಟೆ... ತಟ್ಟೆ ಬೇರೆಯವರಿಗೆ ಕೊಡ್ಬೇಕಾಗುತ್ತೆ” ಎಂದರು.

“ಕೊಡೋಣ” ಎಂದರು. ತಟ್ಟೆಯ ನೀರನ್ನು ಅಂಗಿಯ ತುದಿಯಿಂದ ಒರೆಸತೊಡಗಿದರು.

ಮನೆಗೆ ಬಂದು ಹಾಳೆ ಎದುರಿಗಿಟ್ಟುಕೊಂಡರೆ ಗೆರೆಗಳೇ ಕಾಣಲಿಲ್ಲ. ಎರಡು ಸಾಲು ಬರೆದರು, ಒಂದರ ಮೇಲೊಂದು ಹತ್ತಿ ಕೂತಿತು. ಹೆಂಡತಿ ಪೆನ್ನು ಕಿತ್ತುಕೊಂಡಳು. “ನೀವು ಹೇಳಿ, ನಾನು ಬರೀತೀನಿ.”

ಆಕೆ ಅವರೆದುರು ಬರೆಯಲು ಕೂತು ಅದೆಷ್ಟು ವರ್ಷವಾಗಿತ್ತು! ಮದುವೆಯಾದ ಹೊಸದರಲ್ಲಿ ತವರಿಂದ ನಾಲ್ಕು ಪುಟದ ಪತ್ರ ಬರೆದಿದ್ದಳು. ಈ ಮಹಾನುಭಾವರು ಅದಕ್ಕೆ ಕೆಂಪು ಶಾಯಿಯಲ್ಲಿ ಹದಿನೇಳು ತಪ್ಪು ಗುರುತು ಹಾಕಿ ವಾಪಸ್ ಕಳಿಸಿದ್ದರು. ಆಮೇಲೆ ಆಕೆ ಅವರಿಗೆ ಒಂದು ಚೀಟಿಯನ್ನೂ ಬರೆದಿರಲಿಲ್ಲ, ಎಲ್ಲ ಬಾಯಲ್ಲೇ. ಈಗ ಪೆನ್ನು ಕಾಗದದ ಮೇಲೆ ತಡೆತಡೆದು ಓಡುವ ಸದ್ದು ಕೇಳುತ್ತಿರುವಾಗ ಅದು ಅವರಿಗೆ ನೆನಪಾಯಿತು.

“ಹೊಳೆಯ ನೀರು ಚೆನ್ನಾಗಿದೆ. ಶೆಡ್ಡಿನವರದು ಏನೂ ತಪ್ಪಿಲ್ಲ. ತಪ್ಪು ನನ್ನ ಕಣ್ಣಿನದು” ಎಂದು ಹೇಳಿದರು. ಆಕೆ ಬರೆದಳು. ನಿಲ್ಲಿಸಿದಳು. ಮೂಗು ಒರೆಸಿಕೊಂಡಳು. ಮತ್ತೆ ಬರೆದಳು.

“ಮುಗೀತು. ಓದಿ ಹೇಳ್ಲಾ? ಏನೇನು ತಪ್ಪಾಗಿದೆಯೋ.”

“ಬೇಡ” ಎಂದರು ಅವರು. “ಸೈನ್ ಎಲ್ಲಿ ಹಾಕ್ಲಿ, ತೋರ್ಸು.”

ಆಕೆ ಅವರ ಬೆರಳು ಹಿಡಿದು ಹಾಳೆಯ ಕೆಳಗೆ, ಸರಿಯಾದ ಜಾಗಕ್ಕೆ ತಂದಿಟ್ಟಳು.